ದೋಣಿಯಲ್ಲಿ ಸಿಳ್ಳೆ

ಹುಡುಗಿ ನೋಡುವ ಶಾಸ್ತ್ರವನ್ನು ಮನೆಯ ಬದಲು ದ್ವೀಪಗಳನ್ನು ಸುತ್ತಿಸುವ ದೋಣಿಯಲ್ಲೇ ಇಟ್ಟುಕೊಳ್ಳೋಣ ಎಂದವನು ಹುಡುಗ. ಅಷ್ಟಕ್ಕೇ ಅವನು ಶಾರ್ವರಿಗೆ ಇಷ್ಟವಾಗಿಬಿಟ್ಟಿದ್ದ. ಅವಳಿಗೆ ಭಯವಿದ್ದದ್ದು ಅವನ ತಾಯಿಯದು. ರೇಷ್ಮೆ ಸೀರೆಯುಟ್ಟು ಎದುರಿನ ಬೆಂಚಿನಲ್ಲಿ ಕೂತಿದ್ದ ಅವರು ಬೆಳಗಿನಿಂದ ಒಮ್ಮೆಯೂ ನಕ್ಕಿರಲಿಲ್ಲ.

“ಬಾಯಿ ಮುಚ್ಕೊಂಡು ಕೂತಿರು,” ಎಂದು ಶಾರ್ವರಿಯ ಅಮ್ಮ ಅವಳ ಕಿವಿಯಲ್ಲಿ ಹೇಳಿದ್ದಳು. ಕಡಲಹದ್ದು ಎದುರಿಗೇ ಎರಗಿ ಮೀನನ್ನು ಎತ್ತಿಕೊಂಡು ಹೋದಾಗಲೂ, ಬಂಡೆಯ ಗುಹೆಯಿಂದ ಅಲೆ ಭುಸ್ಸೆಂದು ಉಕ್ಕಿ ಎಲ್ಲರನ್ನೂ ತೋಯಿಸಿದಾಗಲೂ ಶಾರ್ವರಿ ತುಟಿ ಕಚ್ಚಿಕೊಂಡೇ ಕೂತಳು.

ಸಂಜೆ, ಕೊನೆಯ ದ್ವೀಪದ ಬಳಿ ಡಾಲ್ಫಿನ್‌ಗಳು ಬಂದವು. ಒಂದಲ್ಲ ಎರಡಲ್ಲ, ದೊಡ್ಡ ಹಿಂಡೇ! ಮರಿಯೊಂದು ದೋಣಿಯ ಪಕ್ಕದಲ್ಲೇ ಲಾಗ ಹಾಕಿತು. ಶಾರ್ವರಿಗೆ ಇನ್ನು ತಡೆಯಲಾಗಲಿಲ್ಲ. ಎರಡು ಬೆರಳು ತಾವಾಗಿಯೇ ಬಾಯಿಗೆ ಹೋಗಿ ಸಿಳ್ಳೆ ಹೊರಬಿದ್ದೇಬಿಟ್ಟಿತು. ಡಾಲ್ಫಿನ್‌ಗಳು ಗುಳುಂ ಎಂದು ಮಾಯವಾದವು.

ಮುಂದೆ ನಿಂತಿದ್ದ ಗೈಡ್ ಸರ್ರನೆ ತಿರುಗಿದ. “ಯಾರ್ರೀ ಸಿಳ್ಳೆ ಹೊಡ್ದಿದ್ದು? ಹೆದರಿಸಿ ಓಡಿಸ್ಬಿಟ್ರಲ್ಲ!”

ಹುಡುಗನ ತಾಯಿ ಶಾರ್ವರಿಯನ್ನೇ ದಿಟ್ಟಿಸುತ್ತ ಎದ್ದು ನಿಂತರು. ಈ ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡಳು ಅವಳು.

“ನಾನೇ,” ಎಂದರು ಅವರು.

ಗೈಡ್‌ಗೆ ನಗು ಬಂತು. “ನೀವಾ ಅಮ್ಮಾ? ಸುಮ್ನೆ ಯಾರನ್ನೋ ಉಳಿಸೋಕೆ ಹೇಳ್ತಿದ್ದೀರಿ.”

ಅವರು ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆರಳೆರಡನ್ನು ಬಾಯಿಗಿಟ್ಟು ಹೊಡೆದ ಸಿಳ್ಳೆಗೆ ದ್ವೀಪದ ಹಕ್ಕಿಗಳೆಲ್ಲ ಒಟ್ಟಿಗೇ ಹಾರಿದವು.