ಒಲೆ ಆರಿದ ಬೆಳಿಗ್ಗೆ

ಗಂಜಿ ಕುದಿಯುವ ಮೊದಲೇ ಒಲೆ ಆರಿತು. ಬಚ್ಚ ಮರಕಾಲ ನಿಟ್ಟುಸಿರುಬಿಟ್ಟ. ಒಲೆಗೆ ಅನಿಲ ಕೊಡುವ ಬಾವಿಯಲ್ಲಿ ಕಡಲತಳದ ಮಷೀನುಗಳು ಕೆಲಸ ನಿಲ್ಲಿಸಿವೆ ಎಂದರೆ ಮರವಂತೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಲೆಕ್ಕ.

ಆ ಆರು ಮಷೀನುಗಳಿಗೆ ಕೆಲಸ ಕಲಿಸಿದವನು ಅವನೇ. ಅವನ ಕೈಚಳಕದ ಜೊತೆಗೆ ಅವು ಕೇರಿಯ ಕಟ್ಟಳೆಯನ್ನೂ ಕಲಿತುಬಿಟ್ಟಿದ್ದವು: ಊರಲ್ಲಿ ಸಾವಾದರೆ ಹೆಣ ಎತ್ತುವ ತನಕ ಯಾರೂ ಕಡಲಿಗೆ ಇಳಿಯುವಂತಿಲ್ಲ. ಸಾವಿನ ಸುದ್ದಿ ಅವಕ್ಕೆ ಹೇಗೆ ಮುಟ್ಟುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ. ದೂರದ ಪೇಟೆಯ ಒಲೆಗಳೂ ಈ ಕಟ್ಟಳೆಗೆ ಒಗ್ಗಿಹೋಗಿದ್ದವು.

ಕಂಪನಿಯ ಮ್ಯಾನೇಜರು ಫೋನ್ ಮಾಡಿದರು. "ಇವತ್ತು ಯಾರಪ್ಪಾ ಹೋದ್ರು?"

"ಕಂಡ್ ಹೇಳ್ತೆ ಸಾರ್."

ಯಾರು ಸತ್ತರೆಂದು ಮನೆಮನೆ ಕೇಳಿ ತಿರುಗುವುದು ಅವನಿಗೆ ಸಾಕುಸಾಕಾಗಿತ್ತು. ಕಾಲು ಎಳೆದುಕೊಂಡು ಕೇರಿಯೆಲ್ಲ ಸುತ್ತಿದ. ಹಾಸಿಗೆ ಹಿಡಿದಿದ್ದ ಮುದುಕಿ ಚಿಕ್ಕಮ್ಮ ಕೂಡ ಎದ್ದು ಕೂತು, "ನಾನಿನ್ನೂ ಸತ್ತಿಲ್ಲೆ ಮಾರಾಯಾ!" ಎಂದು ಗದರಿದಳು.

ಕೊನೆಗೆ ಅವನು ದಡದ ಆಫೀಸಿಗೆ ಬಂದು ಪರದೆ ನೋಡಿದ. ಆರನೆಯ ಮಷೀನು ಕೆಸರಿನಲ್ಲಿ ಮಗುಚಿಬಿದ್ದಿತ್ತು. ಅದರ ದೀಪ ಆರಿತ್ತು. ಉಳಿದ ಐದೂ ತಮ್ಮ ದೀಪ ತಗ್ಗಿಸಿ ಅದರ ಸುತ್ತ ನಿಂತಿದ್ದವು.

ಸುದ್ದಿ ಕೇಳಿ ಮ್ಯಾನೇಜರು ನಕ್ಕರು. "ಅಷ್ಟೇನಾ? ಕೆಟ್ಟಿದ್ದು ಅಲ್ಲೇ ಬಿದ್ದಿರ್ಲಿ ಬಿಡು. ಅದೊಂದಕ್ಕೋಸ್ಕರ ಹಡಗು ಕಳಿಸೋಕಾಗಲ್ಲ. ಉಳಿದವಕ್ಕೆ ಕೆಲಸ ಶುರು ಮಾಡೋಕೆ ಹೇಳು."

ಬಚ್ಚ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಬೆಳಗ್ಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಾವಿನ ಮನೆಯಲ್ಲಿ ಅದೂ ಸರಿಯೇ ಅನಿಸಿತು.

"ಹಡಗು ಕಳ್ಸಿ ಸಾರ್," ಎಂದ. "ಹೆಣ ಎತ್ತದೆ ನಮ್ಮೋರ್ ಯಾರೂ ಕೆಲ್ಸಕ್ಕೆ ಇಳುದಿಲ್ಲೆ."