ದಕ್ಷಿಣದ ಬಂಡೆ

ನೊಲುವೊ ಬೂದಿಯ ಮೇಲೆ ಅಂಗೈ ಇಟ್ಟಳು. ಅರ್ಧ ಬೂದಿಯನ್ನು ಅಲೆ ತೊಳೆದಿತ್ತು. ಉಳಿದರ್ಧ ಇನ್ನೂ ಬೆಚ್ಚಗಿತ್ತು. ಪಕ್ಕದ ಬಿರುಕಿನಲ್ಲಿ ಗಂಡ ತೆಂಬಿಲೆಯ ಗಾಳದ ಕೋಲು, ರಕ್ತ ಹತ್ತಿದ ಒಂದು ಬೂಟು. ಕಾಲು ಮುರಿದುಕೊಂಡವನು ಬೆಂಕಿ ಹಾಕಿ ಜನರಿಗಾಗಿ ಕಾದಿದ್ದ. ಜನರಿಗಿಂತ ಮೊದಲು ಮಧ್ಯಾಹ್ನದ ಉಬ್ಬರ ಬಂದು ಅವನನ್ನು ಕೊಂಡೊಯ್ದಿತ್ತು.

ಬೆಳಿಗ್ಗೆಯೇ ಅವಳು ಹುಡುಕಲು ಸೇರಿದ್ದ ಗಾಳಗಾರರಿಗೆ ಹೇಳಿದ್ದಳು: "ರಾತ್ರಿ ಮನೆಗೆ ಬಂದಿಲ್ಲ. ದಕ್ಷಿಣದ ಬಂಡೆಗೆ ಹೋಗ್ತೀನಿ ಅಂದಿದ್ರು."

ಪೊಂಡೊ ಕರಾವಳಿಯ ಹಳೆಯ ಗಾಳಗಾರ ದುಮಿಲೆ ನಕ್ಕುಬಿಟ್ಟಿದ್ದ. "ಅಯ್ಯೋ ತಂಗಿ, ಮೀನು ಸಿಗೋ ಜಾಗನ ಯಾವನಾದ್ರೂ ಬಾಯಿಬಿಟ್ಟು ಹೇಳ್ತಾನಾ? ಮದುವೆ ಆದಾಗಿಂದ ನಾನು ನಮ್ಮವಳಿಗೇ ಸುಳ್ಳು ಹೇಳ್ಕೊಂಡು ಬಂದಿದೀನಿ. ದಕ್ಷಿಣ ಅಂದ್ನಾ? ಹಂಗಾದ್ರೆ ಉತ್ತರಕ್ಕೆ ನಡೀರಿ!" ಗಾಳ ಹಾಕುವವರೆಲ್ಲರಿಗೂ ಅದು ಸರಿಯೆನಿಸಿತು; ಅವರೆಲ್ಲ ಹಾಗೆಯೇ ಸುಳ್ಳು ಹೇಳಿ ಹೋಗುವವರು. ಸಂಜೆಯವರೆಗೂ ಉತ್ತರದ ಬಂಡೆಗಳನ್ನೆಲ್ಲ ಜಾಲಾಡಿದರು. ನೊಲುವೊ ಕೂಡ ಅವರ ಹಿಂದೆಯೇ ಇದ್ದಳು.

ಈಗ ದಕ್ಷಿಣದ ಬಂಡೆಯ ಮೇಲೆ ದುಮಿಲೆ ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತಿದ್ದ. "ನಿಜ ಯಾಕಮ್ಮಾ ಹೇಳಿದ ಅವನು?" ಎಂದ, ದೂರು ಕೊಡುವವನಂತೆ.

"ನನಗೊಬ್ಬಳಿಗಾದ್ರೂ ನಿಜ ಹೇಳಿ ಅಂತ ನಾನೇ ಕೇಳ್ಕೊಂಡಿದ್ದೆ, ಅಣ್ಣ. ಹೇಳಿದ್ರು." ಅವಳು ಬೂದಿಯಿಂದ ಕೈ ಎತ್ತಲಿಲ್ಲ. "ನಾನೂ ನಂಬ್ಲಿಲ್ಲ."