ಯಾರೂ ಒತ್ತದ ಗುಂಡಿ

ಬೆಳಗ್ಗೆ 'ಗೀಸರ್ ಹಾಕಲೇ?' ಎಂಬ ಪ್ರಶ್ನೆಯ ಬೆನ್ನಿಗೇ, ಎಲ್ಲ ಯಂತ್ರಗಳನ್ನೂ ತಾನೇ ನಡೆಸುವ ಸ್ಮಾರ್ಟ್ ಮನೆ ಎಂದಿನಂತೆ ಫೋನಿನ ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿತು: "ಪದ್ಮಾವತಮ್ಮನವರ ಉಸಿರಿನ ಯಂತ್ರ ಇವತ್ತೂ ನಡೆಯಲೇ?" ಕೆಳಗೆ 'ಹೌದು', 'ಬೇಡ' ಗುಂಡಿಗಳು. ಒತ್ತುವ ಹಕ್ಕು ಹೆತ್ತ ಮಕ್ಕಳಿಗೆ ಮಾತ್ರ. ಹಾಸಿಗೆಯ ಪಕ್ಕ ಕೂತ ಸೊಸೆ ವನಜಾಕ್ಷಿಗಿಲ್ಲ. ಯಾರೂ ಒತ್ತದಿದ್ದರೆ ಹತ್ತು ಗಂಟೆಗೆ ಯಂತ್ರ ತಾನಾಗಿಯೇ ನಿಲ್ಲುತ್ತದೆ.

ದಿನವೂ 'ಹೌದು' ಒತ್ತುತ್ತಿದ್ದ ಹಿರಿಯ ಮಗ ಇವತ್ತು ಕೈಮುಗಿದ ಚಿತ್ರವಷ್ಟೇ ಹಾಕಿದ. ವನಜಾಕ್ಷಿಯ ಗಂಡನಾದ ತಮ್ಮನೂ, ತಂಗಿಯೂ ಅದನ್ನೇ ಹಾಕಿದರು.

ವನಜಾಕ್ಷಿ ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು. "ರೀ, ಕೈ ಮುಗಿದದ್ದು ಸಾಕು, ಹೌದು ಅಂತ ಒತ್ರೀ! ಹತ್ತಾಗ್ತಾ ಬಂತು."

"ಅಣ್ಣನೇ ಸುಮ್ನಿರುವಾಗ ನಾನು ಹ್ಯಾಗೆ ಒತ್ಲೇ?"

ಯಂತ್ರ ನಿಂತಿತು. ಅತ್ತೆಯ ಕೈ ಅವಳ ಕೈಯಲ್ಲೇ ಇತ್ತು.

"ಈ ಕೋಣೆಯ ಫ್ಯಾನ್ ನಿಲ್ಲಿಸಲೇ?" ಎಂದು ಮನೆ ಕೇಳಿತು. ಈ ಸಲ ಗುಂಡಿಗಳು ವನಜಾಕ್ಷಿಯ ಫೋನಿಗೆ ಬಂದಿದ್ದವು.